ಡಾಕ್ಟರ್‌ಗಳ ಮುಷ್ಕರಕ್ಕೆ ಸರ್ಕಾರ ಬಗ್ಗಿದ್ದು ತಪ್ಪಾ?

2017ರ ನವೆಂಬರ್ ನೆನಪಿದೆಯಾ? ಬೆಳಗಾವಿಯಲ್ಲಿ ಅಧಿವೇಶನ, ಸುವರ್ಣಸೌಧದ ಆಸುಪಾಸಿನಲ್ಲಿ ಡಾಕ್ಟರ್‌ಗಳ ಧರಣಿ, ಊರೂರಲ್ಲಿ ಖಾಸಗಿ ಆಸ್ಪತ್ರೆಗಳ ಓಪಿಡಿ ಬಂದ್. ಜಗಳ ಕೆಪಿಎಂಇ, ಅಂದ್ರೆ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕಾನೂನಿನ, ತಿದ್ದುಪಡಿ ಮಸೂದೆಯದ್ದು. ಕೊನೆಗೆ ಸರ್ಕಾರ ಅದನ್ನು ಸಡಿಲ ಮಾಡಿ ಪಾಸು ಮಾಡಿತು. ಹಾಗೆ ಮಾಡಿದ್ದು ಸರಿನಾ?

ಪರ: ಹೌದು, ತಪ್ಪೇ

ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ಮಸೂದೆಗೆ ಹಲ್ಲಿತ್ತು. ಯಾವ ಚಿಕಿತ್ಸೆಗೆ ಎಷ್ಟು ಅಂತ ಸರ್ಕಾರ ದರ ಕಟ್ಟಬಹುದಿತ್ತು. ಜಾಸ್ತಿ ವಸೂಲಿ ಮಾಡಿದರೆ ದಂಡ, ಜೈಲು. ಪಾಸಾದ ಹೊತ್ತಿಗೆ ದರದ ಮಾತು ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಜಾಸ್ತಿ ವಸೂಲಿಗೆ ಇದ್ದ ಜೈಲು ಮಾಯ.

ಚಿಕ್ಕಪ್ಪನ ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. ನಾಲ್ಕು ಪುಟದ ಬಿಲ್. ಗ್ಲೌಸ್, ಸಿರಿಂಜ್, ಹತ್ತಿ, ಆಮೇಲೆ 'ಇತರೆ' ಅಂತ ಒಂದು ಸಾಲು, ಅದೇ ಎಲ್ಲಕ್ಕಿಂತ ದೊಡ್ಡದು. ಇತರೆ ಅಂದ್ರೆ ಏನಮ್ಮಾ ಅಂತ ಕೇಳಿದೆ. 'ಸಿಸ್ಟಂನಲ್ಲಿ ಹಾಗೇ ಬರುತ್ತೆ ಸರ್' ಅಂದಳು ಹುಡುಗಿ. ಅವಳದೇನು ತಪ್ಪು ಬಿಡಿ.

ದರ ಕಟ್ಟಿದರೆ ಆಸ್ಪತ್ರೆ ಮುಚ್ಚಿಹೋಗುತ್ತೆ ಅಂತ ಹೆದರಿಸುತ್ತಾರೆ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ (ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ) 29,600 ರೂಪಾಯಿ ಮಿತಿ ಹಾಕಿತು. ಮೊದಲು ಲಕ್ಷ ದಾಟುತ್ತಿದ್ದ ವಸ್ತು ಅದು. ಆಂಜಿಯೋಪ್ಲಾಸ್ಟಿ ನಿಂತುಹೋಯ್ತಾ?

ಹಾಗಾದ್ರೆ ಬಗ್ಗಿದ್ದು ಯಾಕೆ? ಆರು ತಿಂಗಳಲ್ಲಿ ಚುನಾವಣೆ ಇತ್ತು. ಅದೂ ಅಲ್ಲದೆ, ಈ ರಾಜ್ಯದಲ್ಲಿ ಮೆಡಿಕಲ್ ಕಾಲೇಜು ನಡೆಸುವ ಟ್ರಸ್ಟ್‌ಗಳಲ್ಲಿ ರಾಜಕಾರಣಿಗಳ ಕುಟುಂಬ ಎಷ್ಟಿವೆ ಅಂತ ನೀವೇ ಎಣಿಸಿ ನೋಡಿ, ಪಕ್ಷಭೇದ ಕಾಣಲ್ಲ. ಡಾಕ್ಟರ್‌ಗಳಿಗೆ ಐಎಂಎ ಅನ್ನೋ ಅವರದೇ ಸಂಘ ಇದೆ. ರೋಗಿಗಳಿಗೆ ಸಂಘ ಇಲ್ಲ. ಗುಣವಾದ ಮೇಲೆ ಅವನು ರೋಗಿಯೇ ಅಲ್ವಲ್ಲ, ಮನೆಗೆ ಹೋಗಿ ಸಾಲ ತೀರಿಸುತ್ತಾ ಕೂರುತ್ತಾನೆ.

ವಿರೋಧ: ಇಲ್ಲ, ಬಗ್ಗಿದ್ದೇ ಒಳ್ಳೇದಾಯ್ತು

ಮುಷ್ಕರ ಸರಿ ಅಂತ ನಾನು ಹೇಳಲ್ಲ. ಕಾಯಿಲೆ ಬಿದ್ದವರನ್ನು ಬಾಗಿಲಲ್ಲಿ ನಿಲ್ಲಿಸಿ ಚೌಕಾಸಿ ಮಾಡೋದು ಕೆಟ್ಟ ಕೆಲಸ. ಕೆಲಸಕ್ಕೆ ಹೋಗಿ ಅಂತ ಹೈಕೋರ್ಟೇ ಹೇಳಬೇಕಾಯಿತು. ಆದರೆ ಮಸೂದೆ ಏನು ಆಕಾಶದಿಂದ ಬಿತ್ತಾ? ಚುನಾವಣೆಗೆ ಹೆದರಿ ಬಗ್ಗಿದರು ಅನ್ನುವವರು, ಅದೇ ಚುನಾವಣೆಗಾಗಿ ಮಸೂದೆ ತಂದಿರಬಹುದು ಅನ್ನೋದನ್ನು ಮರೀತಾರೆ. ಸರ್ಕಾರಿ ಆಸ್ಪತ್ರೆಗಳನ್ನೂ ಇದರೊಳಗೆ ತನ್ನಿ ಅಂತ ಡಾಕ್ಟರ್‌ಗಳು ಕೇಳಿದರು. ಸರ್ಕಾರಕ್ಕೆ ಅದು ಬೇಡವಾಯಿತು. ತನ್ನ ಮನೆ ಕಸ ಬಿಟ್ಟು ಪಕ್ಕದವರ ಅಂಗಳ ಗುಡಿಸೋದು ಸುಲಭ.

ಎಲ್ಲರೂ ಬೆಂಗಳೂರಿನ ದೊಡ್ಡ ಆಸ್ಪತ್ರೆ ನೆನೆಸಿಕೊಂಡು ಮಾತಾಡ್ತಾರೆ. ತಾಲೂಕಿನಲ್ಲಿ ಗಂಡ-ಹೆಂಡತಿ ಸೇರಿ ನಡೆಸುವ ಹದಿನೈದು ಹಾಸಿಗೆಯ ನರ್ಸಿಂಗ್ ಹೋಂ ನೆನೆಸಿಕೊಳ್ಳಿ. ರಾತ್ರಿ ಹೆರಿಗೆ ಕಷ್ಟವಾಯಿತು ಅಂದ್ರೆ ಅರಿವಳಿಕೆ ಡಾಕ್ಟರ್ ಜಿಲ್ಲಾ ಕೇಂದ್ರದಿಂದ ಕಾರಲ್ಲಿ ಬರಬೇಕು, ಅವರ ಫೀಸು ಬೇರೆ, ಜನರೇಟರ್ ಡೀಸೆಲ್ ಬೇರೆ. ಅಂಥವರ ತಲೆ ಮೇಲೆ ಜೈಲು ತೂಗುಹಾಕಿದರೆ ಏನಾಗುತ್ತೆ? 'ಇಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ' ಅಂತಾರೆ. ಮುಂದಕ್ಕೆ ಅಂದ್ರೆ ಅರವತ್ತು ಕಿಲೋಮೀಟರ್.

ಸ್ಟೆಂಟ್ ಅಗ್ಗ ಮಾಡಿದಿರಿ, ಸರಿ. ಬಿಲ್ಲಿನ ಬೇರೆ ಸಾಲುಗಳನ್ನು ಹಿಡಿಯೋರು ಯಾರು? ಆ 'ಇತರೆ' ಇದೆಯಲ್ಲ, ಅದಕ್ಕೆ ಯಾವ ಕಾನೂನೂ ಸಾಲದು.

ಇನ್ನೊಂದು ವಿಷಯ. ಬಗ್ಗಿದ ಮೇಲೂ ಕೈಗೆ ಏನೂ ಸಿಗಲಿಲ್ಲ ಅನ್ನೋದು ಸುಳ್ಳು. ಬಾಕಿ ಹಣಕ್ಕಾಗಿ ಹೆಣ ಇಟ್ಟುಕೊಳ್ಳುವಂತಿಲ್ಲ ಅನ್ನೋದು ಉಳಿಯಿತು. ತುರ್ತಿನಲ್ಲಿ ಬಂದವರಿಗೆ ಮೊದಲು ಅಡ್ವಾನ್ಸ್ ಕಟ್ಟಿ ಅನ್ನುವಂತಿಲ್ಲ ಅನ್ನೋದೂ ಉಳಿಯಿತು. ರಾಜಸ್ಥಾನದಲ್ಲಿ 2023ರಲ್ಲಿ ಆರೋಗ್ಯದ ಹಕ್ಕಿನ ಕಾನೂನು ಮೊದಲು ಪಾಸಾಯಿತು, ಎರಡು ವಾರ ಮುಷ್ಕರ ನಡೀತು, ಆಮೇಲೆ 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳನ್ನು ಹೊರಗಿಡ್ತೀವಿ ಅಂತ ಒಪ್ಪಂದವಾಯಿತು. ನಮ್ಮಲ್ಲಿ ಮಾತುಕತೆ ಪಾಸು ಮಾಡುವ ಮುಂಚೆ ಆಯಿತು, ಅಷ್ಟೇ ವ್ಯತ್ಯಾಸ.

ದರಪಟ್ಟಿ ಜನರಿಗೆ ಸಿಗುವ ಹಾಗೆ ಇಡಬೇಕು ಅಂತ 2007ರ ಮೂಲ ಕಾನೂನಲ್ಲೇ ಇತ್ತು. ನಿಮ್ಮೂರ ಆಸ್ಪತ್ರೆಯಲ್ಲಿ ಆ ಪಟ್ಟಿ ನೋಡಿದ್ದೀರಾ? ಅದನ್ನು ಇಡಿಸೋಕೆ ಆಗದ ಇಲಾಖೆ ಬೈಪಾಸ್ ಸರ್ಜರಿಯ ದರವನ್ನು ಯಾವ ಇನ್‌ಸ್ಪೆಕ್ಟರ್ ಕಳಿಸಿ ಕಾಯುತ್ತಿತ್ತೋ.