ಸತ್ಯಾಂಶ: ಚೆಸ್ ಆಡಿದರೆ ದಿನಕ್ಕೆ 6000 ಕ್ಯಾಲೊರಿ ಕರಗುತ್ತದೆಯೇ?

‘ಅಂತಾರಾಷ್ಟ್ರೀಯ ಟೂರ್ನಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಕೂತಲ್ಲೇ ದಿನಕ್ಕೆ 6000 ಕ್ಯಾಲೊರಿ ಕರಗಿಸುತ್ತಾರೆ’ ಎಂಬ ಸಂದೇಶ ಬೆಂಗಳೂರಿನ ಚೆಸ್ ಕ್ಲಾಸ್ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ.

ಒತ್ತಡದ ಆಟದಲ್ಲಿ ಎದೆಬಡಿತ, ಉಸಿರಾಟ ಏರುವುದು ದಿಟ. ಆದರೆ ಉಸಿರಾಟ ಮೂರು ಪಟ್ಟಾದ ಮಾತ್ರಕ್ಕೆ ಕ್ಯಾಲೊರಿ ಮೂರು ಪಟ್ಟಾಗದು. ಅದಕ್ಕೆ ಸ್ನಾಯುಗಳು ದುಡಿಯಬೇಕು. ಮಿದುಳು ದೇಹದ ಶಕ್ತಿಯ ಸುಮಾರು ಶೇ 20ರಷ್ಟನ್ನು ಸುಮ್ಮನೆ ಕೂತಾಗಲೂ ಬಳಸುತ್ತದೆ. ತಲೆ ಕೆಡಿಸಿಕೊಂಡು ಯೋಚಿಸಿದರೂ ಹೆಚ್ಚುವುದು ಅತ್ಯಲ್ಪ.

1984ರಲ್ಲಿ ವಿಶ್ವ ಚೆಸ್ ಚಾಂಪಿಯನ್ ಆಗಿದ್ದ ಕಾರ್ಪೊವ್ ಪಂದ್ಯದ ವೇಳೆ ತೂಕ ಇಳಿದು ಸೊರಗಿದ್ದನ್ನು ಪುರಾವೆಯಾಗಿ ತೋರಿಸುವವರಿದ್ದಾರೆ. ಸವಾಲು ಹಾಕಿದ್ದ ಕಾಸ್ಪರೋವ್ ಎದುರಿನ ಆ ವಿಶ್ವ ಚಾಂಪಿಯನ್‌ಷಿಪ್ ಆ ವರ್ಷ ಶುರುವಾಗಿ, ಐದು ತಿಂಗಳು, 48 ಆಟಗಳವರೆಗೆ ಎಳೆದು, ಫಲಿತಾಂಶವೇ ಇಲ್ಲದೆ ನಿಂತಿತು. ತಿಂಗಳುಗಟ್ಟಲೆ ಊಟ, ನಿದ್ದೆ ಕೆಟ್ಟರೆ ಯಾರಾದರೂ ಇಳಿದುಹೋಗುತ್ತಾರೆ.

ಪಂದ್ಯದ ದಿನ ಮಕ್ಕಳಿಗೆ ಗ್ಲೂಕೋಸ್, ಚಾಕೊಲೇಟ್ ತುರುಕಬೇಡಿ. ಎರಡು ಇಡ್ಲಿ, ಒಂದು ಬಾಳೆಹಣ್ಣು, ನೀರಿನ ಬಾಟಲಿ ಸಾಕು. ಹಿಂದಿನ ರಾತ್ರಿ ಬೇಗ ಮಲಗಿಸಿ.