ಓದಿದ ಪುಸ್ತಕದ ಲೆಕ್ಕವನ್ನು ಆ್ಯಪ್‌ಗೆ ಒಪ್ಪಿಸಬೇಕೇ?

ಪರ: ಸೊಸೆ

ಶಹಾಬಾದಿನಿಂದ ಕಲಬುರಗಿಗೆ ದಿನವೂ ರೈಲಿನಲ್ಲಿ ಓಡಾಡುವವಳು ನಾನು. ಸೀಟು ಸಿಕ್ಕರೆ ಹದಿನೈದು ಪುಟ, ಬಾಗಿಲ ಬಳಿ ನಿಂತರೆ ಐದು. ಹೀಗೆ ಚೂರುಚೂರಾಗಿ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಕಳೆದ ವರ್ಷ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಕಾದಂಬರಿಯೊಂದನ್ನು ಕೊಂಡು ತಂದು, ನಲವತ್ತು ಪುಟ ದಾಟಿದ ಮೇಲೆ ಇದನ್ನು ಓದಿದ್ದೇನಲ್ಲ ಎಂದು ಹೊಳೆಯಿತು. ಹಳೆಯ ಪ್ರತಿ ಅಟ್ಟದ ಮೇಲೆಯೇ ಇತ್ತು. ಅಂದೇ ಮೊಬೈಲ್‌ನಲ್ಲಿ, ಓದಿದ ಪುಸ್ತಕಗಳ ಪಟ್ಟಿ ಇಡುವ ಗುಡ್‌ರೀಡ್ಸ್ ಆ್ಯಪ್ ಹಾಕಿಕೊಂಡೆ.

ಹಿಂಬದಿಯ ಬಾರ್‌ಕೋಡ್‌ಗೆ ಮೊಬೈಲ್ ಹಿಡಿದರೆ ಇಂಗ್ಲಿಷ್ ಪುಸ್ತಕ ತಾನಾಗಿ ಬಂದು ಕೂರುತ್ತದೆ. ನಮ್ಮ ಹಳೆಯ ಕನ್ನಡ ಪುಸ್ತಕಗಳಿಗೆ ಬಾರ್‌ಕೋಡ್ ಎಲ್ಲಿಯದು? ಹೆಸರು, ಪ್ರಕಾಶಕರು, ಪುಟಸಂಖ್ಯೆ ಎಲ್ಲವನ್ನೂ ಕೈಯಾರೆ ತುಂಬಿದೆ. ಅಜ್ಜಿಯ ಕೌದಿಯ ಮೇಲೆ ಪುಸ್ತಕವಿಟ್ಟು ಮುಖಪುಟದ ಫೋಟೊ ತೆಗೆದು ಏರಿಸಿದೆ. ಮೂರು ವಾರ ಕಳೆದ ಮೇಲೆ ನೋಡಿದರೆ ಯಾದಗಿರಿಯ ಯಾರೋ ಒಬ್ಬರು ಆ ಪುಸ್ತಕವನ್ನು ತಮ್ಮ ‘ಓದಬೇಕಾದವು’ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಅವರ ಪಟ್ಟಿಯಲ್ಲೂ ನಮ್ಮ ಕೌದಿಯ ಕೆಂಪು ಅಂಚು! ನನ್ನ ಕಚೇರಿಯಲ್ಲಿ ಇಪ್ಪತ್ತೆರಡು ಜನರಿದ್ದೇವೆ. ಪುಸ್ತಕದ ಮಾತೆತ್ತಿದರೆ ಮಗಳ ಪರೀಕ್ಷೆಯ ಗೈಡ್ ಬಗ್ಗೆ ಕೇಳುತ್ತಾರೆ. ನನ್ನಂಥವಳಿಗೆ ಆ ಯಾದಗಿರಿಯ ಓದುಗರು ಎಷ್ಟು ದೊಡ್ಡವರು ಎಂಬುದು ಮನೆ ತುಂಬ ಪುಸ್ತಕ, ಮನೆ ತುಂಬ ಶಿಷ್ಯರು ಇರುವ ಮಾಮಾನಿಗೆ ತಿಳಿಯುವುದು ಕಷ್ಟ.

ನೀನು ಏನು ಓದುತ್ತೀ ಎಂಬುದು ಪುಸ್ತಕ ಮಾರುವವನಿಗೇಕೆ ಗೊತ್ತಾಗಬೇಕು ಎಂದು ಮಾಮಾ ಕೇಳುತ್ತಾರೆ. ಗುಡ್‌ರೀಡ್ಸ್ 2013ರಲ್ಲಿ ಅಮೆಜಾನ್ ಪಾಲಾದದ್ದು ನಿಜ. ಅದು ಹಿಡಿಸದವರು ತಮ್ಮ ಪಟ್ಟಿಯನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡು ಸ್ಟೋರಿಗ್ರಾಫ್ ಎಂಬ ಇಂಥದೇ ಇನ್ನೊಂದು ಆ್ಯಪ್‌ಗೆ ಹೋಗಬಹುದು. ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೂ ಅಲ್ಲಿ ಒಂದು ಗೂಡು ಇದೆ. ನನ್ನ ಗೂಡು ಭರ್ತಿಯಾಗಿದೆ, ಮುಚ್ಚಿಡುವುದೇನು.

ವಿರೋಧ: ಮಾಮಾ

ಕೌದಿಯ ಬಗ್ಗೆ ನನ್ನ ತಕರಾರಿಲ್ಲ. ಯಾದಗಿರಿಯವರ ಬಗ್ಗೆಯಂತೂ ಇಲ್ಲವೇ ಇಲ್ಲ. ನನ್ನ ಜಗಳ ಆ್ಯಪ್‌ನ ಉಲ್ಲೇಖಗಳ ಜೊತೆ.

ಸೊಸೆ ಒಂದು ಸಂಜೆ ಮೊಬೈಲ್ ಮುಂದೆ ಹಿಡಿದಳು. ‘ಕಾಯಕವೇ ಕೈಲಾಸ’, ಕೆಳಗೆ ಬಸವಣ್ಣನವರ ಹೆಸರು, ಅದರ ಪಕ್ಕ ನೂರಾರು ಲೈಕ್. ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರನಿಗೆ ಇದನ್ನು ತೋರಿಸಬಾರದು. ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಎಂದು ಒಂದೊಂದಾಗಿ ಕಳಚುತ್ತ ಬಂದು, ಹಾಗೇಕೆಂದರೆ ಎಂದು ಕಾರಣ ಕೊಡುವಾಗ ಕೈಲಾಸದ ಮಾತು ಬರುತ್ತದೆ. ಅಲ್ಲಿಗೂ ನಿಲ್ಲುವುದಿಲ್ಲ, ಅಮರೇಶ್ವರಲಿಂಗವಾದರೂ ಕಾಯಕದ ಒಳಗೇ ಎನ್ನುತ್ತಾನೆ. ತನ್ನ ದೇವರನ್ನೇ ಕೆಲಸದೊಳಗೆ ಕೂರಿಸುವ ಎದೆಗಾರಿಕೆ ಅದು. ಅದರಿಂದ ಎರಡು ಪದ ಕಿತ್ತುಕೊಂಡರೆ ಕಚೇರಿ ಗೋಡೆಯ ಫಲಕವಾಗುತ್ತದೆ. ಅಂಕಿತ, ಅಂದರೆ ವಚನಕಾರ ಕೊನೆಗೆ ಹೇಳುವ ತನ್ನ ದೇವರ ಹೆಸರು, ಉಳಿದಿದ್ದರೂ ಯಾರ ವಚನವೆಂದು ತಿಳಿಯುತ್ತಿತ್ತು, ಆದರೆ ಕತ್ತರಿ ಮೊದಲು ಬೀಳುವುದೇ ಅಂಕಿತದ ಮೇಲೆ.

ಇದೇ ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ಬದುಕಿದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಎಂದು ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಒಯ್ಯಲು ಹೇಳಿದಳು. ಸೊಸೆ ಹೋದ ವರ್ಷ ಆ್ಯಪ್‌ನಲ್ಲಿ ಐವತ್ತು ಪುಸ್ತಕಗಳ ಗುರಿ ಇಟ್ಟುಕೊಂಡಿದ್ದಳು. ದೀಪಾವಳಿ ಮುಗಿಯುತ್ತಲೇ ನನ್ನ ಕಪಾಟಿನ ಮುಂದೆ ನಿಂತು ದಪ್ಪ ಪುಸ್ತಕಗಳನ್ನು ಬಿಟ್ಟು ತೆಳ್ಳಗಿನವನ್ನೇ ಎಳೆಯತೊಡಗಿದಳು. ಡಿಸೆಂಬರ್ ಕೊನೆಗೆ ಐವತ್ತೊಂದು ಆಯಿತು. ‘ಇವುಗಳಲ್ಲಿ ಯಾವುದು ನಿನ್ನನ್ನು ನಿದ್ದೆಗೆಡಿಸಿತು?’ ಎಂದು ಕೇಳಿದೆ. ಉತ್ತರಕ್ಕಾಗಿ ಮೊಬೈಲ್ ತೆಗೆದಳು.

ಇಷ್ಟಾದರೂ ಅವಳು ಹಟದ ಹುಡುಗಿ. ಸರ್ಕಾರ ಹದಿನೈದು ಸಂಪುಟಗಳಲ್ಲಿ ತಂದ ಸಮಗ್ರ ವಚನಗಳಲ್ಲಿ ಮಾರಯ್ಯನ ವಚನಗಳಿರುವ ಸಂಪುಟ ನನ್ನ ಮನೆಯಲ್ಲಿದೆ. ಭಾನುವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ವಚನವನ್ನು ಅಂಕಿತಸಹಿತ ಟೈಪ್ ಮಾಡಿ, ಮಾರಯ್ಯನ ಹೆಸರಿನಲ್ಲಿ ಏರಿಸಿದಳು. ಲಕ್ಕಮ್ಮನದೂ ಒಂದನ್ನು ಸೇರಿಸಿದಳು. ನಿನ್ನೆ ಕೇಳಿದೆ. ಮಾರಯ್ಯನಿಗೆ ಎರಡು ಲೈಕ್ ಬಿದ್ದಿವೆಯಂತೆ. ಒಂದು ಅವಳದು, ಇನ್ನೊಂದು ಯಾದಗಿರಿಯವರದು. ಎರಡು ಪದದ ಹಳೆಯ ಸಾಲು ಬಸವಣ್ಣನವರ ಹೆಸರಿನಲ್ಲಿ ಮೇಲೆಯೇ ಕುಳಿತಿದೆ.