ಮೈಸೂರಿನ ಪತ್ರಿಕೋದ್ಯಮ ಸೀಟು: ರಾಯಚೂರಿನ ವಿದ್ಯಾರ್ಥಿಗಳಿಗೆ ಸ್ಪಷ್ಟನೆ

ರಾಯಚೂರಿನ ಪದವಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಪತ್ರಿಕೋದ್ಯಮ ಬೋಧನೆ ದೇಶದಲ್ಲೇ ಮೊದಲು ಶುರುವಾದದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಆದರೆ ಕಲ್ಯಾಣ ಕರ್ನಾಟಕದವರಿಗೆ ಅಲ್ಲಿ ಮೀಸಲು ಸೀಟಿಲ್ಲ, ಪದವಿಯಿಲ್ಲದೆ ಪತ್ರಕರ್ತರಾಗುವಂತೆಯೂ ಇಲ್ಲ.

ಮೂರೂ ಮಾತು ತಪ್ಪು. ಅವಿಭಜಿತ ಭಾರತದಲ್ಲಿ 1941ರಲ್ಲೇ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಪತ್ರಿಕೋದ್ಯಮ ವಿಭಾಗ ತೆರೆದಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಶ್ರಮದಿಂದ ಪದವಿ ಹಂತದ ಬೋಧನೆ ಆರಂಭವಾದದ್ದು 1951ರಲ್ಲಿ. ಕನ್ನಡ ನೆಲದ ಮಟ್ಟಿಗೆ ಅದು ದೊಡ್ಡ ಹೆಜ್ಜೆ; ಅದರ ಹಿರಿಮೆಗೆ ಸುಳ್ಳಿನ ಆಸರೆ ಬೇಕಿಲ್ಲ.

ನನಗೆ ನಿಜಕ್ಕೂ ನೋವಾದದ್ದು ಎರಡನೆಯ ಮಾತಿನಿಂದ. ಇದನ್ನು ನಂಬಿ ಅರ್ಜಿಯನ್ನೇ ಹಾಕದ ಮಕ್ಕಳಿದ್ದಾರೆ. ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಬಂದ ಪ್ರವೇಶ ಆದೇಶದಂತೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗದವರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ರಾಯಚೂರು, ಲಿಂಗಸುಗೂರು ಎರಡೂ ಕಡೆ ಆ ಕಚೇರಿಗಳಿವೆ. ಪ್ರವೇಶ ಪ್ರಕಟಣೆ ಬರುವವರೆಗೆ ಕಾಯದೆ ಈಗಲೇ ಅರ್ಜಿ ಕೊಡಿ. ಕೊನೆಯ ವಾರದ ಓಡಾಟದಲ್ಲಿ ಸೀಟು ಕೈತಪ್ಪಬಾರದು.

ಇನ್ನು ಪತ್ರಕರ್ತರಾಗಲು ಇಂಥದೇ ಪದವಿ ಬೇಕೆಂಬ ಕಾನೂನು ಭಾರತದಲ್ಲಿಲ್ಲ. ವಕೀಲರಿಗಿರುವಂಥ ನೋಂದಣಿಯೂ ಇಲ್ಲ. ಆದರೂ ವರದಿಗಾರಿಕೆ, ಸಂಪಾದನೆ, ಮಾಧ್ಯಮ ಕಾನೂನುಗಳನ್ನು ಗುರುಗಳ ಮುಂದೆ ಕುಳಿತು ಕಲಿಯುವ ಅವಕಾಶವಿದ್ದರೆ ದಯವಿಟ್ಟು ಬಿಡಬೇಡಿ.